ಮುಚ್ಚಿದ ಕಿಟಕಿ ಒಂದು, ಸುಸ್ಥಿತಿ

ನಮ್ಮ ಔರಾದ ತಾಲೂಕಿನಲ್ಲಿ ಪ್ರಶ್ನೆ ಕೇಳಿದವನಿಗೆ ಮೊದಲು ದೊರೆಯುವುದು ಉತ್ತರವಲ್ಲ, ‘ಯಾಕ ಕೇಳ್ತೀರಿ?’ ಎಂಬ ಮರುಪ್ರಶ್ನೆ. ಕನ್ನಡ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಜನರ ಚರಿತ್ರೆಯನ್ನು ಜನರ ಬಾಯಿಂದಲೇ ಕೇಳಿ ದಾಖಲಿಸಬೇಕೆಂಬ ಸಂಕಲ್ಪ ತೊಟ್ಟ ನನ್ನಂಥವನಿಗೆ ಈ ಮರುಪ್ರಶ್ನೆ ವಾರಕ್ಕೊಂದು ಪ್ರಸಂಗವನ್ನು ತಪ್ಪದೆ ಒದಗಿಸುತ್ತದೆ. ಒಂದೇ ಎಳೆಗೆ ಸೇರಿದ ಕೆಲವನ್ನು ಇಲ್ಲಿ ಬರೆದಿದ್ದೇನೆ.

ನಾನು ಬೀದರಿನ ಮೈಲೂರಿನವನು. ಎಕಂಬಾ ದಾಟಿ ಇನ್ನೂ ಮುಂದಿರುವ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿದ್ದೇನೆ. ಶಾಲೆಗೆ ಆ ಊರಿನ ಹಿರಿಯರೊಬ್ಬರ ಹೆಸರಿದೆ. ಆದರೆ ಆ ಹೆಸರನ್ನು ಬೋರ್ಡಿನ ಹೊರಗೆ ಯಾರೂ ಬಳಸುವುದಿಲ್ಲ. ಊರಿಗೆಲ್ಲ ಅವರು ‘ಮುತ್ಯಾ’, ಅಂದರೆ ಅಜ್ಜ. ಶಾಲೆ ‘ಮುತ್ಯಾನ ಸಾಲಿ’. ಮುತ್ಯಾ ಕುರಿ ಸಾಕುತ್ತಿದ್ದರು, ನಿಜಾಮರ ಆಳ್ವಿಕೆಯನ್ನು ಕಂಡಿದ್ದರು, ತೀರಿಕೊಂಡು ಬಹುಕಾಲವಾಯಿತು. ನನಗೆ ಗೊತ್ತಿದ್ದುದು ಇಷ್ಟೇ. ಊರಿಗೆ ಗೊತ್ತಿದ್ದುದೂ ಇಷ್ಟೇ ಎಂಬುದು ಆಮೇಲೆ ತಿಳಿಯಿತು.

೧. ಪತ್ರ

ಒಂದು ಮುಂಜಾನೆ ಮೇಲಿನ ಕಚೇರಿಯಿಂದ ಪತ್ರ ಬಂತು. ಮುಖ್ಯ ಗುರುಗಳು ಅದನ್ನು ಮೊದಲು ಓದಲಿಲ್ಲ, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹಿಂಬದಿಯನ್ನು ನೋಡಿದರು. ಹಿಂಬದಿಯಲ್ಲಿ ಏನೂ ಬರೆದಿರದಿದ್ದುದು ಅವರಿಗೆ ಇನ್ನಷ್ಟು ಕಳವಳ ತಂದಿತು.

ಪತ್ರದ ಸಾರಾಂಶ ಸರಳವಾಗಿತ್ತು. ಶಾಲೆಗೆ ಯಾರ ಹೆಸರಿದೆಯೋ ಅವರು ಯಾರು, ಶಾಲೆಗೆ ಅವರ ಕೊಡುಗೆ ಏನು ಎಂಬುದನ್ನು ಒಂದು ತಿಂಗಳೊಳಗೆ ಲಿಖಿತ ಆಧಾರದೊಡನೆ ತಿಳಿಸಬೇಕು. ಆಧಾರವಿಲ್ಲದಿದ್ದರೆ ಮುಂದಿನ ಶೈಕ್ಷಣಿಕ ವರ್ಷದಿಂದ ಬೋರ್ಡಿನಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ ಎಂದಷ್ಟೇ ಇರತಕ್ಕದ್ದು.

“ಇದು ನಮಗಷ್ಟೇ ಬಂದದೋ, ಎಲ್ಲಾ ಸಾಲಿಗೂ ಬಂದದೋ?” ಎಂದು ಮುಖ್ಯ ಗುರುಗಳು ಕೇಳಿದರು.

ಗಣಿತ ಕಲಿಸುವ ಅಕ್ಕೋರು ಸಮಾಧಾನ ಹೇಳಿದರು: “ಹೆಸರಿದ್ದ ಎಲ್ಲಾ ಸಾಲಿಗೂ ಬಂದದಂತ್ರಿ ಸರ್.”

“ಹಾಂ. ನಮಗ ಕಳಿಸಿದ್ದು ಗೊತ್ತಾಗಬಾರದಂತ ಎಲ್ಲಾರಿಗೂ ಕಳಿಸ್ಯಾರ.”

ಬಾಗಿಲ ಬಳಿ ಸಾಂಬಾರಿನ ಹುಟ್ಟು ಹಿಡಿದು ನಿಂತಿದ್ದ ಆಯಿ ಇದನ್ನೆಲ್ಲ ಕೇಳಿಸಿಕೊಂಡರು. ಆಯಿ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು, ಮುತ್ಯಾನ ಮೊಮ್ಮಗಳು. ಅವರಿಗೆ ಓದು ಬಾರದು. ಆದರೆ ಬೋರ್ಡಿನಲ್ಲಿ ಅಜ್ಜನ ಹೆಸರು ಎಲ್ಲಿಂದ ಎಲ್ಲಿಯ ತನಕ ಇದೆಯೆಂದು ಬೆರಳಿಟ್ಟು ತೋರಿಸಬಲ್ಲರು. ಆ ಭಾಗವನ್ನು ಅವರೇ ಸೆರಗಿನಿಂದ ಒರೆಸುತ್ತಿದ್ದುದರಿಂದ ಬೋರ್ಡಿನ ಉಳಿದ ಭಾಗಕ್ಕಿಂತ ಅದು ಬೆಳ್ಳಗಿತ್ತು.

“ಹೆಸರು ತಗೀತಾರೇನ್ರಿ?” ಎಂದರು.

“ಆಧಾರ ಇಲ್ಲಂದ್ರ ತಗೀತಾರ.”

“ನೋಡ್ರಿ ಸರ್, ನಾ ಮುತ್ಯಾನ ಸಾಲ್ಯಾಗ ಅಡಗಿ ಮಾಡಾಕಿ. ಬರೇ ಸರ್ಕಾರಿ ಸಾಲ್ಯಾಗ ಅಡಗಿ ಮಾಡಾಕಿ ಅಲ್ಲ,” ಎಂದು ಹೇಳಿ ಆಯಿ ಒಳಗೆ ಹೋದರು. ಅಂದಿನ ಸಾಂಬಾರಿಗೆ ಉಪ್ಪು ಬೀಳಲಿಲ್ಲ. ಯಾರೂ ಕೇಳುವ ಧೈರ್ಯ ಮಾಡಲಿಲ್ಲ.

ಮುಖ್ಯ ಗುರುಗಳು ನನ್ನನ್ನು ಕರೆದರು. “ಸರ್, ನೀವು ಎಂ.ಎ. ಮಾಡೀರಿ. ಈ ಕೆಲಸ ನಿಮಗ. ಸಂಶೋಧನಾ ಮಾಡ್ರಿ.” ನಾನು ಹರ್ಷದಿಂದ ಎದ್ದು ನಿಂತೆ. ಅವರು ದನಿ ತಗ್ಗಿಸಿ ಮುಂದುವರಿಸಿದರು: “ಆದ್ರ ಯಾರಿಗೂ ಏನೂ ಕೇಳಬ್ಯಾಡ್ರಿ.”

೨. ಬಾಗಿಲು ಕೊಟ್ಟವರ ಮನೆ

ಕೇಳದೆ ಸಂಶೋಧಿಸುವ ವಿಧಾನವನ್ನು ನಮಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿರಲಿಲ್ಲ. ಆದ್ದರಿಂದ ನೋಟುಪುಸ್ತಕ ಹಿಡಿದು ಊರ ಕಟ್ಟೆಗೇ ಹೋದೆ. ಅಲ್ಲಿ ಕೆಂಪು ರುಮಾಲಿನ ಹಿರಿಯರೊಬ್ಬರು ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದರು.

“ಶಾಲೆಗೆ ಮುತ್ಯಾ ಅವರ ಕೊಡುಗೆ ಏನು, ಅಜ್ಜಾರ?”

“ಯಾಕ ಕೇಳ್ತೀರಿ?”

“ಬರಕೊಳ್ಳಾಕ್ರಿ.”

“ಬರಕೊಂಡು ಏನ್ ಮಾಡ್ತೀರಿ?”

“ಮ್ಯಾಲ ಕಳಿಸ್ತೀವ್ರಿ.”

ಹಿರಿಯರು ಒಮ್ಮೆ ಆಕಾಶದ ಕಡೆ, ಒಮ್ಮೆ ಔರಾದದ ಕಡೆ ನೋಡಿದರು. ಎರಡರಲ್ಲಿ ಔರಾದವೇ ಹೆಚ್ಚು ಅಪಾಯವೆಂದು ತೀರ್ಮಾನಿಸಿದವರಂತೆ ಎದ್ದು ಹೋದರು.

ಮಂಗಳವಾರದ ಹೊತ್ತಿಗೆ ಊರಲ್ಲಿ ಸುದ್ದಿ ಹಬ್ಬಿತು: ಶಾಲೆಗೆ ಏನಾದರೂ ಕೊಟ್ಟವರ ಹೆಸರನ್ನು ಸರ್ಕಾರ ಕಲ್ಲಿನಲ್ಲಿ ಕೆತ್ತಿಸುತ್ತದೆಯಂತೆ. ಮಧ್ಯಾಹ್ನದೊಳಗೆ ಕೆಂಪು ರುಮಾಲಿನ ಹಿರಿಯರೇ ನನ್ನ ಕೋಣೆಗೆ ಬಂದರು. “ಮುತ್ಯಾ ನೆಲ ಕೊಟ್ಟಿದ್ದು ಖರೇ ಅದರಿ. ಆದ್ರ ಬಾಗಲಾ ನಮ್ಮ ಅಜ್ಜ ಕೊಟ್ಟಾನ. ನಮ್ಮ ಮನೀ ಬಾಗಲಾನೇ ಬಿಚ್ಚಿ ಕೊಟ್ಟಾನ. ಸಾಗವಾನಿದು. ಬರಕೋರಿ.” ಅವರ ಬೆನ್ನ ಹಿಂದೆಯೇ ಗೋಡೆಯ ಕಲ್ಲು ಕೊಟ್ಟವರು, ತೊಲೆ ಕೊಟ್ಟವರು, ಗಂಟೆ ಕೊಟ್ಟವರು ಬಂದರು. ಸಂಜೆಯಾಗುವಷ್ಟರಲ್ಲಿ ನಮ್ಮ ಶಾಲೆ ನನ್ನ ಪುಸ್ತಕದಲ್ಲಿ ಎರಡು ಸಲ ಕಟ್ಟಿ ಮುಗಿದಿತ್ತು. ಜನತೆಯ ತ್ಯಾಗಬುದ್ಧಿಯನ್ನು ಕಂಡು ನಾನು ಭಾವುಕನಾಗಿ ಎಂಟು ಪುಟ ಬರೆದೆ.

ಗುರುವಾರ ಸುದ್ದಿ ತಿರುಗಿತು. ನಾನು ಕಾರ್ಖಾನೆಗೆ ನೆಲ ಗುರುತಿಸಲು ಬಂದವನಂತೆ. “ಬೀದರ ಬಾಜೂಕಿನ ಕೊಳಾರದಾಗೂ ಮೊದಲು ಹಿಂಗೇ ಒಬ್ಬ ಪುಸ್ತಕ ಹಿಡಕೊಂಡು ಬಂದಿದ್ನಂತ,” ಎಂದು ಯಾರೋ ಹೇಳಿದರು. “ಈಗ ಹೋಗಿ ನೋಡ್ರಿ, ಎಲ್ಲಿ ನೋಡಿದ್ರೂ ಶೆಡ್ಡೇ ಶೆಡ್ಡು.” ಕಲ್ಲು, ತೊಲೆ, ಗಂಟೆಗಳು ಒಂದೊಂದಾಗಿ ಹಿಂದಕ್ಕೆ ಹೋದವು. ನಾನು ಕೆಂಪು ರುಮಾಲಿನವರ ಮನೆಗೆ ಹೋಗಿ, “ಅಜ್ಜಾರ, ಆ ಸಾಗವಾನಿ ಬಾಗಲಾ…” ಎಂದೆ.

“ಬಾಗಲಾನಾ?” ಎಂದು ಅವರು ಹೊಸ್ತಿಲಲ್ಲೇ ತಡೆದು ನಿಂತರು. “ನಮ್ಮ ಮನೀಗಿ ಬಾಗಲಾನೇ ಇರ್ಲಿಲ್ಲರಿ. ನಮ್ಮ ಅಜ್ಜ ಬಾಗಲಾ ಇಲ್ಲದ ಮನ್ಯಾಗೇ ಹುಟ್ಟಿ, ಬಾಗಲಾ ಇಲ್ಲದ ಮನ್ಯಾಗೇ ಸತ್ತಾನ.”

೩. ಚಾರ್ಜ್ ಪಟ್ಟಿ

ಜನರು ಬಾಯಿ ಬಿಡದಿದ್ದಾಗ ನಾನು ಕಟ್ಟಡವನ್ನೇ ಓದತೊಡಗಿದೆ. ನಮ್ಮ ಶಾಲೆಯಲ್ಲಿ ಅತ್ಯಂತ ಹಳೆಯದು ಏಳನೆಯ ತರಗತಿ ನಡೆಯುವ ಕಲ್ಲಿನ ಕೋಣೆ. ಅದರ ಹಿಂಗೋಡೆಯಲ್ಲಿ ಒಂದು ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿದ್ದಾರೆ. ಗೋಡೆಗಿಂತ ಇಟ್ಟಿಗೆಯ ಕೆಲಸವೇ ಗಟ್ಟಿ. ಗೋಡೆ ಕಟ್ಟಿದವರಿಗಿಂತ ಕಿಟಕಿ ಮುಚ್ಚಿದವರಿಗೆ ಹೆಚ್ಚಿನ ಸಿಟ್ಟು ಇದ್ದಂತೆ ತೋರುತ್ತಿತ್ತು. ಬಿಸಿಲ ನಾಡಿನಲ್ಲಿ ಗಾಳಿ ಬರುವ ಕಿಟಕಿಯನ್ನು ಯಾರಾದರೂ ಸುಮ್ಮನೆ ಮುಚ್ಚುತ್ತಾರೆಯೆ? ಇದರ ಹಿಂದೆ ಏನೋ ಇದೆ ಎಂಬ ಸಂಶಯ ನನ್ನನ್ನೂ ಹಿಡಿಯಿತು. ಊರಿನ ನೀರು ಕುಡಿದು ಆರು ತಿಂಗಳಾಗಿತ್ತು.

ಮುಖ್ಯ ಗುರುಗಳನ್ನು ಕೇಳಿದೆ. ಅವರು ಬೀರು ತೆರೆದು ಒಂದು ಕಡತ ಕೊಟ್ಟರು. ಮುಖ್ಯ ಗುರುಗಳು ವರ್ಗವಾಗಿ ಹೋಗುವಾಗ ಶಾಲೆಯ ವಸ್ತುಗಳನ್ನೆಲ್ಲ ಬರೆದು ಮುಂದಿನವರಿಗೆ ಒಪ್ಪಿಸುವ ಚಾರ್ಜ್ ಪಟ್ಟಿಗಳು ಅದರಲ್ಲಿದ್ದವು. ಪ್ರತಿಯೊಂದು ಪಟ್ಟಿಯಲ್ಲೂ ಮೇಜು, ಕುರ್ಚಿ, ಭೂಪಟ, ಗಂಟೆಗಳ ಕೆಳಗೆ ಬೇರೆ ಬೇರೆ ಕೈಬರಹದಲ್ಲಿ ಒಂದೇ ಸಾಲು: ‘ಮುಚ್ಚಿದ ಕಿಟಕಿ – ೧, ಸುಸ್ಥಿತಿ.’

“ಇದನ್ನೇಕೆ ಬರೆಯುತ್ತಾರೆ ಸರ್?”

“ನನ್ನ ಹಿಂದಿನವರು ಬರದಿದ್ರು, ನಾನೂ ಬರೀತೇನಿ. ಯಾಕ ಮುಚ್ಚ್ಯಾರಂತ ಅವರಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಪಟ್ಟ್ಯಾಗ ಬಿಟ್ರ ನಾಳಿ ನಮ್ಮ ಮ್ಯಾಲೇ ಬರ್ತದ.”

“ಆದರೆ ಮುಚ್ಚಿದ ಕಿಟಕಿಗೆ ಸುಸ್ಥಿತಿ ಎಂದರೇನು? ದುಸ್ಥಿತಿ ಹೇಗಾದೀತು?”

“ತೆರದ್ರ ದುಸ್ಥಿತಿ,” ಎಂದು ಅವರು ಬೀರಿಗೆ ಬೀಗ ಹಾಕಿದರು.

೪. ಮೂರು ಬೀಜ

ಇದೇ ದಿನಗಳಲ್ಲಿ ನನಗೆ ಇನ್ನೊಂದು ನೋವಿನ ಸಂಶಯ ಹುಟ್ಟಿತು. ಅದು ಆಯಿಯ ಮೇಲೆ.

ಅಡುಗೆ ಕೋಣೆ ಗೇಟಿನ ಪಕ್ಕದಲ್ಲೇ ಇದೆ. ಮುಂಜಾನೆ ಆಯಿ ಅಕ್ಕಿ ಆರಿಸುತ್ತ ಗೇಟಿನ ಕಡೆ ಮುಖ ಮಾಡಿ ಕೂರುತ್ತಾರೆ. ಪಕ್ಕದಲ್ಲಿ ಒಂದು ಸ್ಟೀಲ್ ಲೋಟ. ಯಾರಾದರೂ ಒಳಗೆ ಬಂದರೆ ಅದರಲ್ಲಿ ಒಂದು ಹುಣಸೆ ಬೀಜ ಬೀಳುತ್ತದೆ. ಎಷ್ಟು ಮಕ್ಕಳಿಗೆ ಅಡುಗೆ ಮಾಡಬೇಕೆಂಬ ಲೆಕ್ಕವಿರಬೇಕೆಂದು ನಾನು ತಿಳಿದಿದ್ದೆ. ಒಂದು ಮಧ್ಯಾಹ್ನ ಅವರು ನೀರಿಗೆ ಹೋದಾಗ, ಸತ್ಯಾನ್ವೇಷಣೆಯ ಉತ್ಸಾಹದಲ್ಲಿ ಲೋಟದ ಬೀಜಗಳನ್ನು ಎಣಿಸಿದೆ. ಅರವತ್ತೈದು. ಅಂದು ಬಂದ ಮಕ್ಕಳು ಅರವತ್ತೆರಡು.

ಮರುದಿನ ಮಕ್ಕಳು ಐವತ್ತೊಂಬತ್ತು, ಬೀಜ ಅರವತ್ತೆರಡು. ಅದರ ಮರುದಿನವೂ ಮೂರು ಹೆಚ್ಚು. ಇಲ್ಲದ ಮೂವರು ಮಕ್ಕಳ ಅನ್ನ ದಿನವೂ ಎಲ್ಲಿಗೆ ಹೋಗುತ್ತಿದೆ? ಪ್ರಾಮಾಣಿಕತೆಯ ಬಗ್ಗೆ ಮಕ್ಕಳಿಗೆ ಪ್ರಬಂಧ ಬರೆಸುವ ನಾನು ಸುಮ್ಮನಿರಬಹುದೇ? ಆಯಿ ಬಡಿಸಿದ ಅನ್ನವನ್ನೇ ಉಣ್ಣುತ್ತ ಮೂರು ದಿನ ಈ ಪ್ರಶ್ನೆಯೊಡನೆ ಹೆಣಗಿದೆ.

ನಾಲ್ಕನೆಯ ದಿನ ಆಯಿಯೇ ನನ್ನ ಮುಂದೆ ಬಂದು ನಿಂತರು. “ನಿಮಗ ಒಂದು ಮಾತು ಕೇಳಬೇಕಾಗದರಿ.”

“ಕೇಳ್ರಿ,” ಎಂದೆ.

“ನಿಮಗ ಭಾಲ್ಕ್ಯಾಗ ಯಾರರ ಬೀಗರು ಅದಾರೇನು?”

“ಇಲ್ಲ ಆಯಿ. ಯಾಕ್ರಿ?”

“ಮುತ್ಯಾನ ಕಾಗದ ನನ್ನ ಟ್ರಂಕಿನಾಗ ಅದ. ಉರ್ದೂದಾಗ ಬರದಾರ, ಮ್ಯಾಲ ಮೊಹರ್ ಅದ. ಭೂಮಿ ಕೊಟ್ಟ ಕಾಗದ ಅಂತ ನಮ್ಮಪ್ಪ ಹೇಳ್ತಿದ್ದ. ನಿಮಗ ತೋರಸ್ಬೇಕಂತ ಮಾಡೀನಿ. ಆದ್ರ ಭಾಲ್ಕಿಯವರಿಗಿ ನಮ್ಮ ಮನ್ಯಾಗ ನಂಬಂಗಿಲ್ಲ.”

“ಭಾಲ್ಕಿಯವರು ಏನು ಮಾಡಿದರು?”

“ಅದು ಗೊತ್ತಿಲ್ಲರಿ. ಮುತ್ಯಾನ ಕಾಲದಿಂದ ನಂಬಂಗಿಲ್ಲ, ಅಷ್ಟೇ.”

ಮುಖ್ಯ ಗುರುಗಳಿಗೆ ವಿಷಯ ತಿಳಿಸಿದೆ. ನಿಜಾಮರ ಕಾಲದ ಕಾಗದಗಳನ್ನು ಓದಬಲ್ಲ ನಿವೃತ್ತ ಗುಮಾಸ್ತರೊಬ್ಬರು ಇದ್ದಾರೆಂದು ಅವರು ಹೇಳಿದರು. ಎಲ್ಲಿ ಎಂದು ಕೇಳಿದೆ. ಭಾಲ್ಕಿಯಲ್ಲಿ.

೫. ಯಂತ್ರದ ಹೊಟ್ಟೆ

ಆಯಿ ಎರಡು ದಿನ ಯೋಚಿಸಿದರು. ಕೊನೆಗೆ, “ಕಾಗದ ನನ್ನ ಸೊಂಟದಾಗ ಇರ್ತದ. ನಾ ನಿಮ್ಮ ಜೋಡಿ ಇರ್ತೇನಿ,” ಎಂದು ಒಪ್ಪಿದರು. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಂಗಸು ಭಾಲ್ಕಿಯವಳೆಂದು ತಿಳಿದ ಕೂಡಲೇ ಎದ್ದು, ಉಳಿದ ದಾರಿಯನ್ನೆಲ್ಲ ನಿಂತೇ ಕಳೆದರು.

ಮೂಲವನ್ನು ಕಂಡವರ ಕೈಗೆ ಕೊಡಬಾರದೆಂದು ಹೇಳಿ, ಭಾಲ್ಕಿಯ ಬಸ್ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿಗೆ ಅವರನ್ನು ಕರೆದೊಯ್ದೆ. ಮೂರು ಸುತ್ತು ಬಟ್ಟೆ ಬಿಚ್ಚಿ ಆಯಿ ಕಾಗದ ತೆಗೆದರು. ಅಂಗಡಿಯವನು ಅದನ್ನು ಗಾಜಿನ ಮೇಲಿಟ್ಟು ಮುಚ್ಚಳ ಹಾಕಿದ. ಬೆಳಕು ಓಡಾಡಿತು. ಮೂಲ ಕಾಗದವನ್ನೂ ನಕಲನ್ನೂ ಅವರ ಕೈಗಿಟ್ಟ.

ಆಯಿ ಕದಲಲಿಲ್ಲ. “ಒಳಗ ಉಳದದ್ದು ಕೊಡು.”

“ಒಳಗ ಏನೂ ಉಳದಿಲ್ಲ ಆಯಿ.”

“ಒಂದು ಇಟ್ಟಿ, ಎರಡ ಬಂದ್ವು. ಮೂರನೇದು ಒಳಗಿಲ್ಲಂತ ಹ್ಯಾಂಗ ನಂಬಲಿ?”

“ಒಂದೇ ನಕಲು ಒತ್ತೀನಿರಿ.”

“ನೀ ಒತ್ತಿದ್ದು ಒಂದು. ಅದು ಎಷ್ಟ ಮಾಡ್ಯದ, ನಿನಗೇನು ಗೊತ್ತು? ಬಗಲ ತಗಿ.”

ಅಂಗಡಿಯವನು ನನ್ನನ್ನು ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವನು ನಿಟ್ಟುಸಿರಿಟ್ಟು ಯಂತ್ರದ ಪಕ್ಕದ ಬಾಗಿಲು ತೆರೆದ. ಆಯಿ ಬಗ್ಗಿ ಒಳಗೆಲ್ಲ ಕಣ್ಣಾಡಿಸಿದರು. ದುರದೃಷ್ಟವಶಾತ್ ಒಳಗೆ ನಿಜವಾಗಿಯೂ ಒಂದು ಕಾಗದ ಸಿಕ್ಕಿಕೊಂಡಿತ್ತು. ಅದು ಯಾರದೋ ಹತ್ತನೆಯ ತರಗತಿಯ ಅಂಕಪಟ್ಟಿ. ಆಯಿ ಅದನ್ನು ಎಳೆದು ತೆಗೆದು, ಅಂಗಡಿಯವನ ಮುಖದೆದುರು ಹಿಡಿದು, ನನ್ನ ಕಡೆ ತಿರುಗಿ ಹೇಳಿದರು: “ನೋಡಿದ್ರಿ? ಭಾಲ್ಕಿ.”

ನಿವೃತ್ತ ಗುಮಾಸ್ತರು ನಕಲನ್ನು ದೂರದಿಂದಲೇ ನೋಡಿದರು. “ಇದರಾಗ ಸರ್ವೆ ನಂಬರ ಇಲ್ಲ, ಎಕರೆ ಇಲ್ಲ, ಗುಂಟೆ ಇಲ್ಲ. ಇದು ಭೂಮಿ ಕಾಗದ ಅಲ್ಲ.”

“ಹಾಗಾದರೆ ಏನೆಂದು ಬರೆದಿದೆ? ದಯವಿಟ್ಟು ಓದಿ ಹೇಳಿ.”

“ಭೂಮಿ ಕಾಗದ ಬಿಟ್ಟು ಬ್ಯಾರೇದು ನಾ ಓದಂಗಿಲ್ಲ. ಓದಿದ್ರ ಸಾಕ್ಷಿಗಿ ಕರೀತಾರ,” ಎಂದು ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು.

ಮರಳುವಾಗ ಆಯಿ ಕಿಟಕಿಯ ಹೊರಗೆ ನೋಡುತ್ತ ಕೇಳಿದರು: “ಭೂಮಿ ಕೊಟ್ಟಿಲ್ಲಂದ್ರ ಮತ್ತೇನು ಕೊಟ್ಟಾನ್ರಿ ಮುತ್ಯಾ?” ಪತ್ರಕ್ಕೆ ಉತ್ತರಿಸಲು ಹತ್ತು ದಿನ ಉಳಿದಿತ್ತು.

೬. ಶಿಕಾಯತ್

ಮುಂದಿನ ಭಾನುವಾರ ಬೀದರಿಗೆ ಹೋದೆವು. ಹಳೆಯ ಊರಿನ ಓಣಿಯೊಂದರಲ್ಲಿ ನಿವೃತ್ತ ಉರ್ದು ಶಿಕ್ಷಕರಿದ್ದಾರೆ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಅವರು ಚಹಾ ತರಿಸಿ, ಮೂಲ ಕಾಗದವನ್ನೇ ಕೇಳಿ ಪಡೆದು, ಮೊದಲ ಎರಡು ಸಾಲು ಓದಿ ಹುಬ್ಬೇರಿಸಿದರು.

“ಅಮ್ಮಾ, ಇದು ದಾನದ ಕಾಗದ ಅಲ್ಲ. ಶಿಕಾಯತ್ ಅದ.”

“ಯಾರ ಮ್ಯಾಲರಿ?”

“ನಿಮ್ಮ ಮುತ್ಯಾನ ಮ್ಯಾಲ.”

ಆಯಿಯ ಮುಖ ಬಾಡಿತು. ಕೈ ಚಾಚಿದರು. “ಕೊಡ್ರಿ ಇತ್ಲಾಗ. ಓದಬ್ಯಾಡ್ರಿ. ಇಷ್ಟ ದಿನ ಕುಂಕುಮ ಹಚ್ಚಿ ಪೂಜಾ ಮಾಡೀನಿ. ನಡೀರಿ ಸರ್, ಹೆಸರು ಹೋದ್ರ ಹೋಗ್ಲಿ.”

ಅವರು ಎದ್ದೇಬಿಟ್ಟರು. ನಾನೂ ತಲೆ ತಗ್ಗಿಸಿ ಎದ್ದೆ. ಉಸ್ತಾದ್ ಕಾಗದ ಮಡಚುತ್ತ ತಮ್ಮಷ್ಟಕ್ಕೆ ಹೇಳಿಕೊಂಡರು: “ಬರದವ ಸಾಲಿ ಮಾಸ್ತರ. ಭಾಲ್ಕಿಯವ.”

ಬಾಗಿಲ ತನಕ ಹೋಗಿದ್ದ ಆಯಿ ಹಿಂತಿರುಗಿ ಬಂದು ಚಕ್ಕಳಮಕ್ಕಳ ಹಾಕಿ ಕೂತರು. “ಭಾಲ್ಕಿನಾ? ಹಂಗಾದ್ರ ಓದ್ರಿ.”

ಉಸ್ತಾದ್ ಓದುತ್ತ ಹೋದರು, ಕನ್ನಡದಲ್ಲಿ ಹೇಳುತ್ತ ಹೋದರು. ಮಾಸ್ತರರು ತಮ್ಮ ಮೇಲಧಿಕಾರಿಗೆ ಬರೆದ ದೂರು ಅದು. ಈ ಊರಿನ ಒಬ್ಬ ಕುರಿಗಾರ ದಿನವೂ ಶಾಲೆಯ ಬಾಗಿಲಲ್ಲಿ ಕೂರುತ್ತಾನೆ. ಕುರಿಗಳನ್ನು ದೊಡ್ಡಿಗೆ ಬಿಡುವಾಗ ಎಣಿಸುವ ಹಾಗೆ, ಒಳಗೆ ಹೋದ ಪ್ರತಿ ಮಗುವಿಗೂ ಒಂದು ಸಣ್ಣ ಕಲ್ಲನ್ನು ಚೀಲಕ್ಕೆ ಹಾಕುತ್ತಾನೆ. ಸಂಜೆ ಒಂದೊಂದು ಮಗುವಿಗೆ ಒಂದೊಂದು ಕಲ್ಲು ತೆಗೆಯುತ್ತಾನೆ. ಏಕೆಂದು ಕೇಳಿದರೆ, ‘ನಮ್ಮ ಮಕ್ಕಳಿಗಿ ಒಳಗ ಕರಕೊಂಡು ಏನು ಮಾಡ್ತೀರಂತ ನಮಗ ತಿಳಿಯಂಗಿಲ್ಲ. ಹೋದಷ್ಟೂ ಹೊರಗ ಬರಬೇಕು’ ಎನ್ನುತ್ತಾನೆ. ಅವನು ಎಣಿಸುತ್ತಾನೆಂಬ ಧೈರ್ಯದ ಮೇಲೆಯೇ ಊರವರು ಮಕ್ಕಳನ್ನು ಕಳಿಸುತ್ತಿದ್ದಾರೆ. ಅವನನ್ನು ಎಬ್ಬಿಸಿದರೆ ಶಾಲೆ ಖಾಲಿಯಾಗುತ್ತದೆ. ಇದನ್ನೆಲ್ಲ ತಾನು ಸಹಿಸಿದ್ದಾಯಿತು. ಆದರೆ ಅವನು ಮಾಸ್ತರನಾದ ತನಗೂ ಒಂದು ಕಲ್ಲು ಹಾಕುತ್ತಾನೆ.

ಇಲ್ಲಿ ಉಸ್ತಾದ್ ನಗು ತಡೆಯಲು ಚಹಾ ಗುಟುಕರಿಸಿದರು.

ಕಳೆದ ಗುರುವಾರ ಸಂಜೆ ಚೀಲದಲ್ಲಿ ಒಂದು ಕಲ್ಲು ಉಳಿಯಿತು. ಮೂರು ಸಲ ಎಣಿಸಿದರೂ ಒಂದು ಉಳಿಯಿತು. ಎಣಿಕೆ ಹೊಂದುವ ತನಕ ಅವನು ಒಂದು ಮಗುವನ್ನೂ ಮನೆಗೆ ಬಿಡಲಿಲ್ಲ. ಊರೆಲ್ಲ ಸೇರಿ ಹುಡುಕಿತು. ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಬಾವಿಗೆ ಬಿಟ್ಟು ನೋಡಿದರು. ಮರುದಿನ ಮುಂಜಾನೆ ತಾನು ಊರಿಗೆ ಬಂದಾಗ ಬಾವಿಯ ಸುತ್ತ ಜನ ಕಿಕ್ಕಿರಿದಿದ್ದರು. ಯಾರು ಬಿದ್ದರೆಂದು ಕೇಳಿದರೆ, ‘ನೀವೇ’ ಎಂದರು. ‘ಅನಿವಾರ್ಯ ಕಾರಣದಿಂದ ಹಿಂದಿನ ಕಿಟಕಿಯ ಮೂಲಕ ನಿರ್ಗಮಿಸಿ, ಭಾಲ್ಕಿಯ ಕಡೆ ಹೋಗುವ ಬಂಡಿ ಹತ್ತಿದ್ದ ನನಗೆ ಇದರಿಂದ ತೀವ್ರ ಮುಜುಗರವಾಗಿದೆ. ಆದ್ದರಿಂದ ಈ ಮನುಷ್ಯನನ್ನು ಬಾಗಿಲಿನಿಂದ ಎಬ್ಬಿಸಬೇಕಾಗಿ ವಿನಂತಿ.’

ಅಂಚಿನಲ್ಲಿ ಮೇಲಧಿಕಾರಿಯ ಆದೇಶವಿತ್ತು, ಅದರ ಮೇಲೆ ಮೊಹರು. ಉಸ್ತಾದ್ ಅದನ್ನು ಎರಡು ಸಲ ಓದಿದರು: ‘ದೂರು ನೋಡಿದೆ. ಕಿಟಕಿ ಮುಚ್ಚಬೇಕು. ಮನುಷ್ಯ ಕೂತಿರಲಿ. ನಕಲು ಅವನಿಗೂ ಕೊಡಬೇಕು.’

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಗುವೋ ಅಳುವೋ ತಿಳಿಯಲಿಲ್ಲ. ನನಗೆ ಆಗ ಲೋಟದ ನೆನಪಾಯಿತು. ಅರವತ್ತೆರಡು ಮಕ್ಕಳು. ಮುಖ್ಯ ಗುರುಗಳು, ಅಕ್ಕೋರು, ನಾನು. ಒಟ್ಟು ಅರವತ್ತೈದು.

“ಆಯಿ, ನೀವೂ ಎಣಿಸುತ್ತೀರಲ್ಲ. ಮುತ್ಯಾ ಎಣಿಸುತ್ತಿದ್ದರೆಂದು ನನಗೇಕೆ ಹೇಳಲಿಲ್ಲ?”

“ನಮ್ಮ ಮನ್ಯಾಗ ಎಲ್ಲಾರೂ ಎಣಸ್ತಾರ್ರಿ. ನೀವು ಮುತ್ಯಾ ಏನು ಕೊಟ್ಟಾನಂತ ಕೇಳಿದ್ರಿ. ಎಣಸಾದು ಕೊಡಾದೇನ್ರಿ?” ಎಂದ ಆಯಿ, ಚಹಾದ ಬಟ್ಟಲು ಕೆಳಗಿಟ್ಟು ಸೇರಿಸಿದರು: “ಮತ್ತ ನೀವು ನನ್ನ ಬೀಜ ಎಣಸಿದ್ದು ನಾನೂ ಯಾರ ಮುಂದೂ ಹೇಳಿಲ್ಲ.”

೭. ಅನಿವಾರ್ಯ ಕಾರಣ

ನಾನು ನಾಲ್ಕು ಪುಟಗಳ ವರದಿ ಬರೆದೆ. ಸಮುದಾಯದ ಎಚ್ಚರವೇ ಶಾಲೆಯ ನಿಜವಾದ ಅಡಿಪಾಯವೆಂದೂ, ಸಂಶಯಪಟ್ಟವನೇ ಈ ಶಾಲೆಯ ಮೇಲೆ ಊರಿಗೆ ನಂಬಿಕೆ ಹುಟ್ಟಿಸಿದನೆಂದೂ ಪ್ರತಿಪಾದಿಸಿದೆ. ವಿಶೇಷಣಗಳೆಲ್ಲ ಸಂಶಯಾಸ್ಪದವೆಂದು ಮುಖ್ಯ ಗುರುಗಳು ಅದನ್ನು ಅರ್ಧ ಪುಟಕ್ಕೆ ಇಳಿಸಿ, ಉಸ್ತಾದರ ಅನುವಾದದೊಡನೆ ಕಳಿಸಿದರು. ಒಂದು ತಿಂಗಳ ನಂತರ ಉತ್ತರ ಬಂತು. ಹೆಸರು ಉಳಿಸಿಕೊಳ್ಳಬಹುದು.

“ಒಪ್ಪ್ಯಾರಂದ್ರ ಪೂರ್ತಿ ಓದಿಲ್ಲ,” ಎಂದರು ಮುಖ್ಯ ಗುರುಗಳು. ಆಯಿ ಮಾತ್ರ ಅಂದು ಎಲ್ಲರಿಗೂ ಸಜ್ಜಿಗೆ ಮಾಡಿದರು, ಬೋರ್ಡಿನ ಆ ಭಾಗವನ್ನು ಸೋಪು ಹಚ್ಚಿ ತೊಳೆದರು.

ಈ ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ನಂತರದ ಶನಿವಾರ ಮೈಲೂರಿನ ನಮ್ಮ ಮನೆಗೆ ಹೆಣ್ಣಿನ ಕಡೆಯವರು ಬರುವವರಿದ್ದರು. ಮಧ್ಯಾಹ್ನದೊಳಗೆ ನಾನು ಬೀದರ ಮುಟ್ಟಬೇಕಿತ್ತು. ಮುಂಜಾನೆಯ ಶಾಲೆ, ನನ್ನ ಪಾಠ ಮುಗಿದಿತ್ತು. ಮುಖ್ಯ ಗುರುಗಳನ್ನು ಕೇಳಬಹುದಿತ್ತು. ಆದರೆ ಹೆಣ್ಣಿನವರು ಯಾವ ಊರಿನವರು, ಯಾರ ಪೈಕಿ, ಇಷ್ಟು ದಿನ ಯಾಕೆ ಬರಲಿಲ್ಲ, ಈಗ ಯಾಕೆ ಬಂದರು ಎಂದು ಅವರು ಕೇಳುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಗೇಟಿನಲ್ಲಿ ಆಯಿ ಕೂತಿದ್ದರು. ಅವರಿಗೆ ಹೇಳಲಾರದ ಒಂದು ಕಾರಣವೂ ಇತ್ತು. ಕಚೇರಿ ಕೋಣೆಯ ಕಿಟಕಿಯ ಸರಳುಗಳನ್ನು ಬಣ್ಣ ಹಚ್ಚಲು ಬಿಚ್ಚಿಟ್ಟಿದ್ದರು. ಸಂಕಲ್ಪಗಳುಳ್ಳ ಮನುಷ್ಯನಿಗೂ ಬಿಚ್ಚಿದ ಕಿಟಕಿ ಬಿಚ್ಚಿದ ಕಿಟಕಿಯೇ. ಮೊದಲು ಚೀಲ ಎಸೆದೆ, ಆಮೇಲೆ ನಾನು ಇಳಿದೆ.

ಟಂಟಂ ಆಟೋ ಹತ್ತಿ ಎರಡು ಊರು ದಾಟುವಷ್ಟರಲ್ಲಿ ಫೋನು ಬಂತು.

“ಎಲ್ಲಿದ್ದೀರಿ ಸರ್?” ಮುಖ್ಯ ಗುರುಗಳ ದನಿ.

“ಶಾಲೆಯ ಪರಿಸರದಲ್ಲೇ ಇದ್ದೇನೆ ಸರ್.”

ಅದೇ ಗಳಿಗೆಯಲ್ಲಿ ಟಂಟಂನವನು ತಲೆ ಹೊರಗೆ ಹಾಕಿ, “ಔರಾದ, ಔರಾದ, ಔರಾದ,” ಎಂದು ಜನರನ್ನು ಕರೆದ.

ಮುಖ್ಯ ಗುರುಗಳು ಅದನ್ನು ಕೇಳಿಸಿಕೊಂಡು ಹೇಳಿದರು: “ಜಲ್ದಿ ಬರ್ರಿ. ಲೋಟದಾಗ ಒಂದು ಬೀಜ ಉಳದದ. ಆಯಿ ಗೇಟಿಗೆ ಅಡ್ಡ ಕೂತಾಳ. ಮಕ್ಕಳಿಗಿ ಬಿಡವಲ್ಲಳು, ಅಕ್ಕೋರಿಗಿ ಬಿಡವಲ್ಲಳು, ನನಗೂ ಬಿಡವಲ್ಲಳು. ಮಂದಿ ಬಾವ್ಯಾಗ ಪಾತಾಳಗರಡಿ ಬಿಟ್ಟಾರ.”

ನಾನು ಮರಳಿದಾಗ ಬಾವಿಯ ಸುತ್ತ ಅರ್ಧ ಊರಿತ್ತು. ನನ್ನನ್ನು ಹುಡುಕುವ ಯತ್ನದಲ್ಲಿ ಅಷ್ಟರೊಳಗೆ ಮೂರು ಹಳೆಯ ತಾಮ್ರದ ಕೊಡಗಳು ಮೇಲೆ ಬಂದಿದ್ದವು. ಕೆಂಪು ರುಮಾಲಿನ ಹಿರಿಯರು ಮೂರರ ಮೇಲೂ ಕೈಯಿಟ್ಟು, “ಇವು ನಮ್ಮ ಅಜ್ಜಂದು, ಬರಕೋರಿ,” ಎನ್ನುತ್ತಿದ್ದರು. ನನ್ನನ್ನು ಕಂಡು ಯಾರೂ ಹಿಗ್ಗಲಿಲ್ಲ. ನಾಲ್ಕನೆಯ ಕೊಡ ಗರಡಿಗೆ ಆಗಷ್ಟೇ ಸಿಕ್ಕಿತ್ತು.

ಆಯಿಯ ಮುಂದೆ ಹೋಗಿ ನಿಂತೆ. ಅವರು ಲೋಟದಿಂದ ಕೊನೆಯ ಬೀಜ ತೆಗೆದು ಸೊಂಟದ ಚೀಲಕ್ಕೆ ಹಾಕಿದರು. “ಈಗ ಬರೋಬರಿ,” ಎಂದು ಗೇಟು ತೆರೆದರು. ಮಕ್ಕಳು ಹೋದರು. ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: “ಹೆಣ್ಣಿನ ಕಡಿಯವರು ಯಾವ ಊರವರ್ರಿ?”

ಬೀಗರ ವಿಷಯ ಅವರಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ನಾನು ಸುಳ್ಳು ಹೇಳಲಿಲ್ಲ.

“ಭಾಲ್ಕಿಯವರು.”

ಆಯಿ ಮುಖ್ಯ ಗುರುಗಳ ಕಡೆ ನೋಡಿದರು. ಮುಖ್ಯ ಗುರುಗಳು ಕಚೇರಿಯ ಕಿಟಕಿಯ ಕಡೆ ನೋಡಿದರು.

ಜೂನ್ ತಿಂಗಳಲ್ಲಿ ಮುಖ್ಯ ಗುರುಗಳಿಗೆ ವರ್ಗವಾಯಿತು. ಕನ್ನಡದಲ್ಲಿ ಎಂ.ಎ. ಮಾಡಿದವನೆಂಬ ಕಾರಣಕ್ಕೆ ಚಾರ್ಜ್ ಪಟ್ಟಿಯನ್ನು ಶುದ್ಧ ಬರಹದಲ್ಲಿ ಬರೆಯುವ ಕೆಲಸ ನನಗೇ ಬಂತು. ಮೇಜು, ಕುರ್ಚಿ, ಭೂಪಟ, ಗಂಟೆ ಎಲ್ಲವನ್ನೂ ಬರೆದೆ. ಕೊನೆಯ ಸಾಲಿಗೆ ಬಂದಾಗ ಅವರು ನನ್ನ ಹೆಗಲ ಮೇಲಿಂದ ಬಗ್ಗಿ ಬೆರಳಿಟ್ಟು ಸ್ವತಃ ಹೇಳಿ ಬರೆಸಿದರು:

‘ಮುಚ್ಚಿದ ಕಿಟಕಿ – ೨, ಸುಸ್ಥಿತಿ.’